ದಂಡಿನ ಬೆನ್ನು, ಗರಡಿಯ ಕೈ

ಬೆಂಗಳೂರಿನ ಹಳಬರ ಬಾಯಲ್ಲಿ ಕಂಟೋನ್ಮೆಂಟಿಗೆ ಇಂದಿಗೂ 'ದಂಡು' ಎಂದೇ ಹೆಸರು. ಕೆಂಪೇಗೌಡರ ಪೇಟೆ ಒಂದು ಊರು, ಹಲಸೂರಿನ ಸೆರಗಿನಲ್ಲಿ ಹುಟ್ಟಿದ ದಂಡು ಇನ್ನೊಂದು ಊರು. ಪೇಟೆಯ ಚರಿತ್ರೆಯನ್ನು ವ್ಯಾಪಾರದಿಂದಲೂ ದಂಡಿನ ಚರಿತ್ರೆಯನ್ನು ಕವಾಯತಿನಿಂದಲೂ ಬರೆಯುವುದು ವಾಡಿಕೆ. ಈ ಎರಡು ಊರುಗಳಿಗೂ ಸಮಾನವಾಗಿದ್ದ ಒಂದು ಸಂಗತಿಯನ್ನು ಮಾತ್ರ ಚರಿತ್ರಕಾರರು ಅಷ್ಟಾಗಿ ಗಮನಿಸಿಲ್ಲ. ಅದು ಬೆನ್ನುನೋವು. ತೊಗಲ ಚೀಲದಲ್ಲಿ ನೀರು ಹೊತ್ತ ಭಿಸ್ತಿ, ಮಾರುಕಟ್ಟೆಯಲ್ಲಿ ಮೂಟೆ ಹೊತ್ತ ಹಮಾಲಿ, ಬೆನ್ನಿಗೆ ಗಂಟು ಕಟ್ಟಿಕೊಂಡು ನಡೆದ ಸಿಪಾಯಿ, ಮೈದಾನದಲ್ಲಿ ಚೆಂಡೊದ್ದ ಹುಡುಗ, ಕಾರ್ಖಾನೆಯಲ್ಲಿ ಯಂತ್ರದ ಮುಂದೆ ಬಾಗಿ ನಿಂತ ಕೆಲಸಗಾರ, ಈಗ ಇಂದಿರಾನಗರದ ಕಚೇರಿಗಳಲ್ಲಿ ಗಣಕಯಂತ್ರದ ಮುಂದೆ ಬಾಗಿ ಕುಳಿತ ತರುಣ ತರುಣಿಯರು, ಇವರೆಲ್ಲರನ್ನೂ ಕಟ್ಟಿಹಾಕುವ ದಾರ ಇದೊಂದೇ. ಇವರಿಗೆ ಬಹುಕಾಲದವರೆಗೆ ದೊರೆತ ಚಿಕಿತ್ಸೆ ಎಣ್ಣೆ ಮತ್ತು ಕೈ. ಆ ಕೈ ಎಲ್ಲಿಂದ ಬಂತು, ಹೇಗೆ ಮೂಲೆಗೆ ಸರಿಯಿತು, ಅದರಲ್ಲಿ ಇಂದಿಗೂ ನಿಲ್ಲುವ ಸತ್ಯವೆಷ್ಟು ಎಂಬುದನ್ನು ವಿಚಾರಮಾಡುವುದು ಈ ಭಾಷಣದ ಉದ್ದೇಶ.

ಮೊದಲು ನಮ್ಮ ಮಾತನ್ನೇ ನೋಡೋಣ. ಬಗ್ಗಿದವನು ಏಳಲಾರದೆ ಹೋದರೆ 'ಸೊಂಟ ಹಿಡಿಯಿತು' ಎನ್ನುತ್ತೇವೆ. ಉಳುಕಿತು ಎನ್ನುತ್ತೇವೆ, ನರದ ಮೇಲೆ ನರ ಬಿತ್ತು ಎನ್ನುತ್ತೇವೆ. ಪರಿಹಾರಕ್ಕೂ ಮಾತುಗಳು ಹೇರಳವಾಗಿವೆ: ತಿಕ್ಕುವುದು, ನೀವುವುದು, ಒತ್ತುವುದು, ಹಿಸುಕುವುದು, ಉಳುಕು ತೆಗೆಯುವುದು. ತಿಕ್ಕುವ ಕೈಯ ವೇಗವೇ ಬೇರೆ, ನೀವುವ ಕೈಯ ಮೃದುತ್ವವೇ ಬೇರೆ. ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಪದವಿರಬೇಕಾದರೆ ಅದರ ಹಿಂದೆ ತಲೆಮಾರುಗಳ ಅನುಭವವಿರಬೇಕು. ಇಷ್ಟೇ ಅಲ್ಲದೆ ಈ ಮಾತುಗಳಲ್ಲಿ ಒಂದು ಸಿದ್ಧಾಂತವೂ ಅಡಗಿದೆ. ಒಳಗೆ ಏನೋ ಒಂದು ತನ್ನ ಜಾಗ ತಪ್ಪಿದೆ, ಬಲ್ಲವನ ಕೈ ಅದನ್ನು ಮರಳಿ ಜಾಗದಲ್ಲಿ ಕೂರಿಸುತ್ತದೆ ಎಂಬುದೇ ಆ ಸಿದ್ಧಾಂತ. ಕಾಲು ಮುಂದಾಗಿ ಹುಟ್ಟಿದವರು ಬೆನ್ನನ್ನು ಮೆಲ್ಲಗೆ ಒದ್ದರೆ ಸೊಂಟದ ಹಿಡಿತ ಬಿಡುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಉಂಟಷ್ಟೆ. ಅದರ ಬೇರೂ ಇದೇ ಎಣಿಕೆಯಲ್ಲಿರುವಂತೆ ತೋರುತ್ತದೆ. ಈ ಸಿದ್ಧಾಂತ ಸರಿಯೇ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಹಾಗೆಯೇ ಇಟ್ಟಿರೋಣ.

ಶಾಸ್ತ್ರಗ್ರಂಥಗಳಲ್ಲಿ ಅಭ್ಯಂಗಕ್ಕೆ ದೊರೆತ ಸ್ಥಾನ ಸಣ್ಣದಲ್ಲ. ಎಣ್ಣೆ ಹಿಡಿದ ಮಡಕೆ, ಎಣ್ಣೆ ತಿಂದ ತೊಗಲು, ಎಣ್ಣೆ ಕಂಡ ಗಾಡಿಯ ಅಚ್ಚು ಹೇಗೆ ಬಾಳಿಕೆ ಬರುತ್ತವೆಯೋ ಹಾಗೆಯೇ ಎಣ್ಣೆ ತಿಕ್ಕಿದ ಮೈಯೂ ಎಂದು ಚರಕಸಂಹಿತೆ ಹೋಲಿಸುತ್ತದೆ. ಸೊಂಟದಿಂದ ಕಾಲಿನುದ್ದಕ್ಕೂ ಇಳಿಯುವ ನೋವಿಗೆ ಗೃಧ್ರಸಿ ಎಂಬ ಹೆಸರನ್ನು ಕೊಟ್ಟು ಅದನ್ನು ವಾತರೋಗಗಳ ಪಂಕ್ತಿಯಲ್ಲಿ ಕೂರಿಸಿದವರೂ ಪ್ರಾಚೀನ ವೈದ್ಯರೇ. ವಾಗ್ಭಟನ ಅಷ್ಟಾಂಗಹೃದಯವಂತೂ ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದೂ, ಮಾಡಿದ ಮೇಲೆ ಮೈಗೆ ಹಿತವಾಗುವಂತೆ ಎಲ್ಲ ಕಡೆಯೂ ಮರ್ದನ ಮಾಡಿಸಬೇಕೆಂದೂ ವಿಧಿಸುತ್ತದೆ. ಇಂದು ಕ್ರೀಡಾ ಮಸಾಜು ಎಂದು ಕರೆಯುವ ಪದ್ಧತಿಯ ತಿರುಳು ಇದೇ ಅಲ್ಲವೇ? ಕನ್ನಡನಾಡಿನಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಸ್ನಾನವೂ ಒಂದು ಭೋಗ, ಮಲ್ಲಯುದ್ಧವೂ ಒಂದು ವಿನೋದ. ಅರಮನೆಯಲ್ಲಿ ಭೋಗವೆನಿಸಿದ್ದು ಗರಡಿಯಲ್ಲಿ ಅನಿವಾರ್ಯವಾಗಿತ್ತು.

ಗರಡಿಮನೆಯ ಬಾಗಿಲು ತಗ್ಗು, ಬೆಳಕು ಮಂದ. ಒಳಗೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಕಲಸಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿ, ಒಂದು ಮೂಲೆಯಲ್ಲಿ ಗದೆಗಳು, ಗೋಡೆಯಲ್ಲಿ ಹನುಮಂತ. ಬೆಂಗಳೂರು ಪೇಟೆಯ ಗರಡಿಗಳು ಕುಸ್ತಿಯ ಶಾಲೆಗಳಾಗಿದ್ದುವಲ್ಲದೆ ಕರಗದ ವೀರಕುಮಾರರ ಸಾಧನೆಯ ತಾಣಗಳೂ ಆಗಿದ್ದುವು. ಇಲ್ಲಿ ಮಾಲೀಸು ಪ್ರತ್ಯೇಕ ಸೇವೆಯಾಗಿರಲಿಲ್ಲ, ಸಾಧನೆಯ ಒಂದು ಅಂಗವಾಗಿತ್ತು. ದಂಡ ಬಸ್ಕಿ ಮುಗಿದ ಮೇಲೆ ಹುಡುಗರು ಒಬ್ಬರ ಮೈಯನ್ನು ಒಬ್ಬರು ತಿಕ್ಕುತ್ತಿದ್ದರು. ಉಳುಕಿದ ಕೀಲು ಉಸ್ತಾದರ ಕೈಗೆ ಹೋಗುತ್ತಿತ್ತು. ದಿನವೂ ಮನುಷ್ಯನ ಕೈಕಾಲುಗಳನ್ನು ತಿರುಚುವ ವಿದ್ಯೆಯನ್ನೇ ಕಲಿಸುವವನಿಗೆ, ಯಾವ ಕೀಲು ಎಷ್ಟು ತಿರುಗೀತು, ಎಲ್ಲಿ ನಿಂತೀತು ಎಂಬ ಅರಿವು ಬೆರಳ ತುದಿಯಲ್ಲೇ ಇರುವುದು ಸಹಜ. ಮೈಸೂರು ಸೀಮೆಯ ಜಟ್ಟಿಗಳು ಇದಕ್ಕೆ ಒಳ್ಳೆಯ ನಿದರ್ಶನ. ವಿಜಯದಶಮಿಯ ದಿನ ಮೈಸೂರರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಚಾಮರಾಜನಗರ, ಚನ್ನಪಟ್ಟಣ ಮತ್ತು ಬೆಂಗಳೂರಿನ ಜಟ್ಟಿ ಮನೆತನಗಳಿಂದ ಜೋಡಿಗಳು ಬರುತ್ತವೆ. ಹೊಡೆದಾಟಕ್ಕೆ ಹೆಸರಾದ ಈ ಜನವೇ ಕೀಲು ಕೂರಿಸುವುದಕ್ಕೂ ಹೆಸರಾಗಿದ್ದರು.

ಇಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ಗರಡಿಯ ರೋಗಿಗಳೆಲ್ಲ ತರುಣರು, ಕಟ್ಟುಮಸ್ತಾದವರು, ಹೊಸದಾಗಿ ಪೆಟ್ಟು ತಿಂದವರು. ಇಂಥವರ ಸೊಂಟದ ಉಳುಕು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವ ಸ್ವಭಾವದ್ದು. ತಾನಾಗಿ ಇಳಿಯುವ ನೋವಿನ ಕೀರ್ತಿ ಕೊನೆಯಲ್ಲಿ ಮುಟ್ಟಿದ ಕೈಗೆ ಸಲ್ಲುತ್ತದೆ. ಉಸ್ತಾದರ ಹೆಸರಿನಲ್ಲಿ ಒಂದು ಪಾಲು ಅವರ ಕೈಯದು, ಒಂದು ಪಾಲು ಯೌವನದ್ದು ಎಂದು ಹೇಳಿದರೆ ಅವರಿಗೆ ಅಗೌರವ ತೋರಿದಂತಾಗದು.

ಇನ್ನು ದಂಡಿನ ಕಡೆಗೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಶ್ರೀರಂಗಪಟ್ಟಣದಲ್ಲಿ ನೆಲೆಸಿದ ಇಂಗ್ಲಿಷ್ ಸೇನೆ ಅಲ್ಲಿಯ ಜ್ವರಕ್ಕೆ ತತ್ತರಿಸಿ ತಂಪಾದ ಎತ್ತರದ ನೆಲವನ್ನು ಹುಡುಕಿತು. 1809ರಲ್ಲಿ ಹಲಸೂರಿನ ಬಳಿ ದಂಡು ಬೀಡುಬಿಟ್ಟಿತು. ಸೇನೆಯ ಬೆನ್ನಿಗೆ ಮದರಾಸು ಪ್ರಾಂತದಿಂದ ತಮಿಳರೂ ತೆಲುಗರೂ ದಖನಿ ಮಾತಾಡುವ ಮುಸಲ್ಮಾನರೂ ಬಂದರು. ಬಾಣಸಿಗ, ಅಗಸ, ಕ್ಷೌರಿಕ, ಕುದುರೆ ಕಾಯುವವ, ಹೊರೆಯಾಳು ಎಲ್ಲರೂ ಬಂದರು. ಇವರು ತುಂಬಿಕೊಂಡ ಬ್ಲ್ಯಾಕ್‌ಪಳ್ಳಿಯೇ ಇಂದಿನ ಶಿವಾಜಿನಗರ. 1834ರಿಂದ ಮದ್ರಾಸ್ ಸ್ಯಾಪರ್ಸ್ ಪಡೆಗೆ ಬೆಂಗಳೂರೇ ನೆಲೆಯಾಯಿತು. ಹಲಸೂರು ಕೆರೆಯ ದಂಡೆಯಲ್ಲಿ ಇಂದಿಗೂ ಅವರ ಕೇಂದ್ರವಿದೆ. ಸೇತುವೆ ಕಟ್ಟುವ, ಕಂದಕ ತೋಡುವ ಈ ಪಡೆಯವರಷ್ಟು ಬೆನ್ನನ್ನು ದುಡಿಸಿಕೊಂಡವರು ಸೇನೆಯಲ್ಲಿ ವಿರಳ.

ಕುತೂಹಲದ ಸಂಗತಿಯೆಂದರೆ ದಂಡು ಇಲ್ಲಿ ಬೇರೂರುತ್ತಿದ್ದ ವರ್ಷಗಳಲ್ಲೇ ನಮ್ಮ ಮಾಲೀಸು ಕಡಲಾಚೆ ಪ್ರತಿಷ್ಠೆ ಪಡೆಯುತ್ತಿತ್ತು. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿ, ಕಂಪನಿಯ ಬಂಗಾಳ ಸೇನೆಯಲ್ಲಿ ದುಡಿದು, ಐರ್ಲೆಂಡಿಗೆ ವಲಸೆ ಹೋದ ಶೇಕ್ ದೀನ್ ಮಹಮ್ಮದ್ ಎಂಬಾತ 1814ರ ಸುಮಾರಿಗೆ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಯ ಸ್ನಾನಗೃಹವೊಂದನ್ನು ತೆರೆದ. ಅಲ್ಲಿ ಅವನು ಮಾಡುತ್ತಿದ್ದುದು ಚಂಪಿ. ಇಂಗ್ಲಿಷಿನ 'ಶಾಂಪೂ' ಎಂಬ ಪದ ಈ ಒತ್ತುವ ಕ್ರಿಯೆಯಿಂದಲೇ ಹುಟ್ಟಿದ್ದು; ತಲೆಗೂದಲಿನ ಸಾಬೂನಿಗೆ ಅದು ಅಂಟಿದ್ದು ಆಮೇಲೆ. ಸಂಧಿವಾತದಿಂದ ನರಳುವವರು ಅವನಲ್ಲಿಗೆ ಬಂದರು. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳು ಅವನನ್ನು ತಮ್ಮ ಮಾಲೀಸಿನ ವೈದ್ಯನನ್ನಾಗಿ ನೇಮಿಸಿಕೊಂಡರು. ಅದೇ ಕಾಲದಲ್ಲಿ ಅವರ ಸೇನೆಯ ಬೀಡಿನಲ್ಲಿ ಅದೇ ಕೆಲಸ ಮಾಡುತ್ತಿದ್ದ ಕೈಗೆ ಕೂಲಿಯವನ ಸ್ಥಾನ. ವಿದ್ಯೆ ಒಂದೇ, ಕಡಲು ದಾಟಿದಾಗ ಅದರ ಬೆಲೆ ಬೇರೆ.

ಯೂರೋಪಿನಲ್ಲಿ ಈ ವಿದ್ಯೆ ಬೇಗನೆ ಶಿಸ್ತಿಗೆ ಒಳಪಟ್ಟಿತು. ಸ್ವೀಡನ್ನಿನ ಲಿಂಗ್ ಎಂಬ ಮಹನೀಯ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ರಾಜಕೀಯ ವಿದ್ಯಾಲಯವನ್ನು ಸ್ಥಾಪಿಸಿ, ವ್ಯಾಯಾಮವನ್ನು ಚಿಕಿತ್ಸೆಯೊಡನೆ ಜೋಡಿಸಿದ. ಹಾಲೆಂಡಿನ ವೈದ್ಯ ಮೆಟ್ಸ್‌ಗರ್ ಮರ್ದನದ ಕ್ರಿಯೆಗಳನ್ನು ನೀವುವುದು, ಹಿಸುಕುವುದು, ತಟ್ಟುವುದು ಎಂದು ವಿಂಗಡಿಸಿ ಹೆಸರಿಟ್ಟನೆಂದು ಪ್ರತೀತಿ. ನಮ್ಮ ಆಡುಮಾತಿನಲ್ಲಿದ್ದ ವಿಂಗಡಣೆಯೇ ಅಲ್ಲಿ ಪಠ್ಯಪುಸ್ತಕವಾಯಿತು. 1894ರಲ್ಲಿ ಲಂಡನ್ನಿನಲ್ಲಿ ಕೆಲವು ದಾದಿಯರು ತಮ್ಮ ಕಸುಬಿನ ಮರ್ಯಾದೆಯನ್ನು ಕಾಪಾಡಿಕೊಳ್ಳುವುದಕ್ಕಾಗಿ ತರಬೇತಾದ ಮರ್ದನಕಾರ್ತಿಯರ ಸಂಘವನ್ನು ಕಟ್ಟಿದರು. ಮಾಲೀಸಿನ ಹೆಸರಿನಲ್ಲಿ ನಡೆಯುತ್ತಿದ್ದ ಅನಾಚಾರಗಳ ಬಗ್ಗೆ ಆಗ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದಿತ್ತು. 1914ರ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಶುಶ್ರೂಷೆಗೆ ಮರ್ದನಕಾರ್ತಿಯರ ದಳವೇ ಏರ್ಪಟ್ಟಿತು. 1920ರಲ್ಲಿ ಆ ಸಂಘಕ್ಕೆ ರಾಜಸನ್ನದು ದೊರೆಯಿತು. 1940ರ ದಶಕದಲ್ಲಿ ಅದು ಫಿಸಿಯೋಥೆರಪಿ ಎಂಬ ಹೆಸರನ್ನು ತಳೆಯಿತು. ಭಾರತದಲ್ಲಿ ಆ ವಿದ್ಯೆಯ ಶಾಲೆ ಮೊದಲಾದದ್ದು 1950ರ ದಶಕದಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ.

ಅಲ್ಲಿಯವರೆಗೆ ದಂಡಿನ ಆಟಗಾರರಿಗೆ ಗತಿಯೇನಿತ್ತು? ದಂಡು ಆಟಗಳ ತವರು. 1896ರಲ್ಲಿ ತರುಣ ಅಧಿಕಾರಿಯಾಗಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ಮುಂಬಯಿಯಲ್ಲಿ ದೋಣಿಯಿಂದ ಇಳಿಯುವಾಗಲೇ ಭುಜದ ಕೀಲು ತಪ್ಪಿಸಿಕೊಂಡು, ಬೆಂಗಳೂರಿನಲ್ಲಿ ತೋಳನ್ನು ಪಟ್ಟಿಯಿಂದ ಮೈಗೆ ಬಿಗಿದುಕೊಂಡೇ ಪೋಲೊ ಆಡುತ್ತಿದ್ದ. ಆ ಭುಜ ಅವನನ್ನು ಜೀವಮಾನವೆಲ್ಲ ಕಾಡಿತು. ಸಾಮಾನ್ಯ ಜನದ ಆಟ ಫುಟ್‌ಬಾಲು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಪಾಲು ಬರಿಗಾಲಿನಲ್ಲಿ ಆಡಿದ ಭಾರತ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್, ಸಾರಂಗಪಾಣಿ ರಾಮನ್ ಮೊದಲಾದವರಿದ್ದರು. ಫ್ರಾನ್ಸಿನ ಎದುರು ಭಾರತದ ಏಕೈಕ ಗೋಲನ್ನು ಹೊಡೆದವರು ರಾಮನ್. ಹಲಸೂರಿನ ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವಷ್ಟು ಈ ಆಟದ ಹುಚ್ಚು ಇಂದಿಗೂ ಇದೆ. ದೇಶದಲ್ಲಿ ಫಿಸಿಯೋಥೆರಪಿಯ ಶಾಲೆಯೇ ಇಲ್ಲದಿದ್ದ ಕಾಲದ ಈ ಆಟಗಾರರಿಗೆ ಹತ್ತಿರವಿದ್ದದ್ದು ಎರಡು ದಾರಿ: ಒಂದು, ಲೂಯಿನ್ ಬೌರಿಂಗನ ಆಡಳಿತದಲ್ಲಿ 1860ರ ದಶಕದಲ್ಲಿ ಕಟ್ಟಿದ ಬೌರಿಂಗ್ ಆಸ್ಪತ್ರೆ; ಇನ್ನೊಂದು, ಕೇರಿಯಲ್ಲಿ ಉಳುಕು ತೆಗೆಯುವವನ ಜಗುಲಿ. ಚಿತ್ತೂರು ಸೀಮೆಯ ಪುತ್ತೂರಿನಿಂದ ಹೆಸರು ಪಡೆದ 'ಪುತ್ತೂರು ಕಟ್ಟು' ಎಂಬ ಫಲಕವನ್ನು ಬೆಂಗಳೂರಿನ ಬೀದಿಗಳಲ್ಲಿ ಈಗಲೂ ಕಾಣಬಹುದು.

ಆಸ್ಪತ್ರೆಯ ವಿದ್ಯೆ ಬೆಳೆದಂತೆ ಜಗುಲಿಯ ವಿದ್ಯೆ ಮೂಢನಂಬಿಕೆಯ ಪಟ್ಟಿಗೆ ಸೇರಿತು. 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು, ಬೆನ್ನುಮೂಳೆಯ ಮಣಿಗಳ ನಡುವಣ ಬಿಲ್ಲೆ ಹೊರಚಾಚಿ ನರವನ್ನು ಒತ್ತುವುದರಿಂದ ಕಾಲಿಗಿಳಿಯುವ ನೋವು ಬರುತ್ತದೆಂದು ತೋರಿಸಿದರು. ಅದು ನಿಜವಾದ ಶೋಧ, ಎಷ್ಟೋ ಜನರನ್ನು ಕಾಪಾಡಿದ ಶೋಧ. ಆದರೆ ಅದರ ಹೊಳಪಿನಲ್ಲಿ ಎಲ್ಲ ಬೆನ್ನುನೋವಿಗೂ ಬಿಲ್ಲೆಯನ್ನೇ ಹೊಣೆ ಮಾಡುವ ಕಾಲವೊಂದು ಬಂತು. ರೋಗಿಗೆ ವಾರಗಟ್ಟಲೆ ಹಲಗೆಯ ಮೇಲೆ ಮಲಗಿರುವಂತೆ ವಿಧಿಸಿದರು. 1986ರಲ್ಲಿ ಡೆಯೊ ಮತ್ತು ಸಂಗಡಿಗರು 203 ರೋಗಿಗಳನ್ನು ಪರೀಕ್ಷಿಸಿ, ಏಳು ದಿನದ ವಿಶ್ರಾಂತಿಗಿಂತ ಎರಡು ದಿನದ ವಿಶ್ರಾಂತಿ ಸಾಕೆಂದೂ, ಅದರಿಂದ ಕೆಲಸಕ್ಕೆ ತಪ್ಪುವ ದಿನಗಳು ಕಡಮೆಯಾಗುತ್ತವೆಂದೂ ಕಂಡುಕೊಂಡರು. 1994ರಲ್ಲಿ ಬೆನ್ನುನೋವೇ ಇಲ್ಲದ 98 ಜನರ ಬೆನ್ನನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿದಾಗ ನೂರಕ್ಕೆ 52 ಮಂದಿಯಲ್ಲಿ ಒಂದಾದರೂ ಬಿಲ್ಲೆ ಉಬ್ಬಿರುವುದು ಕಂಡುಬಂತು. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ ಎಂಬ ಪಾಠವನ್ನು ವೈದ್ಯಕೀಯವೂ ಹೀಗೆ ತಡವಾಗಿ ಕಲಿಯಿತು.

ಅಷ್ಟರಲ್ಲಿ ದಂಡಿನ ಮೂಡಣ ದಿಕ್ಕು ಬೇರೊಂದು ರೂಪ ತಾಳಿತ್ತು. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ ಹುಟ್ಟಿಕೊಂಡವು. ವಿಮಾನಪುರದಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯ ಸಂಸ್ಥೆಯ ಬೇರು 1957ಕ್ಕೆ ಹೋಗುತ್ತದೆ. ಅಂಥ ಸಂಸ್ಥೆಗಳು ಅಭ್ಯಸಿಸುವ ಕಾಯಿಲೆಗಳಲ್ಲಿ ಹೆಲಿಕಾಪ್ಟರ್ ಚಾಲಕರ ಬೆನ್ನುನೋವೂ ಒಂದು. ಒಂದೇ ಕಡೆಗೆ ವಾಲಿ ಕುಳಿತ ಭಂಗಿ, ಎಡೆಬಿಡದ ಅದುರು, ಇವೆರಡೂ ಸೇರಿ ಸೊಂಟವನ್ನು ಹಣ್ಣು ಮಾಡುತ್ತವೆ. ಭಿಸ್ತಿಯ ಬೆನ್ನು ಭಾರದಿಂದ ನೊಂದರೆ ಇವರ ಬೆನ್ನು ಅಲುಗದೆ ಕುಳಿತು ನೊಂದಿತು. ಅವರ ನೆರೆಯಲ್ಲೇ ಮುಂದೆ ಎದ್ದ ಗಾಜಿನ ಕಚೇರಿಗಳ ತರುಣರದೂ ಕುಳಿತು ನೊಂದ ಬೆನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ ಸೊಂಟನೋವು ಇದ್ದವರು 61.9 ಕೋಟಿ ಜನ. 2050ರ ವೇಳೆಗೆ ಇದು 84.3 ಕೋಟಿಯಾದೀತೆಂದು ಅಂದಾಜು.

ಹಾಗಾದರೆ ಗರಡಿಯ ಕೈಯ ಬಗ್ಗೆ ಇಂದಿನ ಶಾಸ್ತ್ರ ಏನೆನ್ನುತ್ತದೆ? 2011ರಲ್ಲಿ ಅಮೆರಿಕದಲ್ಲಿ ಬಹುಕಾಲದ ಸೊಂಟನೋವಿನ 401 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಇಂಥ ಸ್ನಾಯು, ಇಂಥ ಕೀಲು ಎಂದು ಗುರುತಿಸಿ ಮಾಡುವ ಮಾಲೀಸು, ಇನ್ನೊಂದಕ್ಕೆ ಸುಮ್ಮನೆ ಮೈ ಹಗುರಾಗುವ ಮಾಲೀಸು, ಮೂರನೆಯದಕ್ಕೆ ಎಂದಿನ ಔಷಧೋಪಚಾರ. ಹತ್ತು ವಾರಗಳ ಬಳಿಕ ಮಾಲೀಸಿನ ಎರಡೂ ಗುಂಪುಗಳು ಮೂರನೆಯದಕ್ಕಿಂತ ಚೆನ್ನಾಗಿದ್ದುವು. ಆದರೆ ಆ ಎರಡು ಬಗೆಯ ಮಾಲೀಸುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆರು ತಿಂಗಳವರೆಗೆ ಉಳಿದ ಗುಣ ವರ್ಷ ತುಂಬುವುದರೊಳಗೆ ಬಹುಮಟ್ಟಿಗೆ ಕರಗಿತು. ಜಾಗ ತಪ್ಪಿದ್ದನ್ನು ಕೈ ಜಾಗಕ್ಕೆ ತರುತ್ತದೆ ಎಂಬ ಹಳೆಯ ಸಿದ್ಧಾಂತ ನಿಜವಾಗಿದ್ದರೆ, ಜಾಗವನ್ನು ಹುಡುಕಿ ಒತ್ತಿದ ಕೈಯೇ ಗೆಲ್ಲಬೇಕಿತ್ತು. ಅದು ಗೆಲ್ಲಲಿಲ್ಲ. ಹಾಗೆಂದು ಕೈ ಸೋಲಲೂ ಇಲ್ಲ. ನೋವು ಮೆದುಳಿಗೆ ಏರುವ ದಾರಿಯಲ್ಲಿ, ಬೆನ್ನುಹುರಿಯಲ್ಲೇ ಒಂದು ಬಾಗಿಲಿದೆ, ಸ್ಪರ್ಶದ ಸಂದೇಶ ಬಂದಾಗ ಅದು ಅರ್ಧ ಮುಚ್ಚಿಕೊಳ್ಳುತ್ತದೆ ಎಂದು ಮೆಲ್‌ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರತಿಪಾದಿಸಿದರು. ಅದರ ವಿವರಗಳು ಆಮೇಲೆ ತಿದ್ದುಪಡಿಗೊಂಡಿವೆಯಾದರೂ, ಪೆಟ್ಟಾದ ಜಾಗವನ್ನು ಮಗು ತಾನಾಗಿ ಉಜ್ಜಿಕೊಳ್ಳುವುದೇಕೆ ಎಂಬುದಕ್ಕೆ ಅದು ಇಂದಿಗೂ ಒಳ್ಳೆಯ ಉತ್ತರ.

ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿದ 2015ರ ಕಾಕ್ರನ್ ವಿಮರ್ಶೆ, ಮಾಲೀಸಿನ ಲಾಭ ಅಲ್ಪಕಾಲದ್ದೆಂದೂ ಆಧಾರಗಳು ದುರ್ಬಲವೆಂದೂ ಎಚ್ಚರಿಸಿತು. ಆಟಗಾರರ ವಿಷಯದಲ್ಲಿ 2020ರಲ್ಲಿ 29 ಅಧ್ಯಯನಗಳನ್ನು ಕೂಡಿಸಿ ನೋಡಿದವರಿಗೆ ಮಾಲೀಸಿನಿಂದ ಓಟ ನೆಗೆತಗಳು ಹೆಚ್ಚಿದ ಆಧಾರ ಸಿಗಲಿಲ್ಲ; ಮೈಯ ಬಳುಕು ತುಸು ಹೆಚ್ಚಿತು, ಮರುದಿನದ ಮೈಕೈನೋವು ತುಸು ತಗ್ಗಿತು. ಮಾಲೀಸು ಸ್ನಾಯುವಿನಲ್ಲಿ ಸೇರಿದ ಆಮ್ಲವನ್ನು ತೊಳೆದುಹಾಕುತ್ತದೆ ಎಂಬ ಜನಪ್ರಿಯ ಮಾತಿಗೂ ಪ್ರಯೋಗಗಳ ಬೆಂಬಲವಿಲ್ಲ.

ಕೈ ಮುಟ್ಟಬಾರದ ಬೆನ್ನುಗಳೂ ಉಂಟು. ವೇಗದ ಬೌಲರನ ಸೊಂಟದ ಮೂಳೆಯಲ್ಲಿ ಎಸೆತದ ಹೊರೆಯಿಂದ ಸಣ್ಣ ಬಿರುಕು ಮೂಡುವುದುಂಟು. ಅದಕ್ಕೆ ಬೇಕಾದದ್ದು ಕಾಲ, ವಿಶ್ರಾಂತಿ, ಕ್ರಮವಾದ ವ್ಯಾಯಾಮ. ಜಸ್‌ಪ್ರೀತ್ ಬುಮ್ರಾ 2023ರ ಮಾರ್ಚಿಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಸಾಧನೆ ಮಾಡಿ, ಆಗಸ್ಟಿನಲ್ಲಿ ಮರಳಿ ಆಡಿದರು. ನಮ್ಮ ದೇಶದಲ್ಲಿ ಇನ್ನೂ ಉಳಿದಿರುವ ಬೆನ್ನುಮೂಳೆಯ ಕ್ಷಯ ಇದಕ್ಕಿಂತ ಘೋರ. ಒಳಗೆ ಕೊಳೆತ ಮಣಿಯನ್ನು ಹೊರಗಿನಿಂದ ಒತ್ತಿದರೆ ಕಾಲೇ ಬಿದ್ದುಹೋದೀತು. ಬೆನ್ನುನೋವಿನೊಂದಿಗೆ ಜ್ವರ, ತೂಕದ ಇಳಿತ, ಕಾಲಿನ ಸ್ವಾಧೀನ ತಪ್ಪುವಿಕೆ, ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿದ್ದು ಪೆಟ್ಟಾದ ಬೆನ್ನನ್ನೂ ಮೊದಲು ವೈದ್ಯರೇ ನೋಡಬೇಕು. ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸುವುದರಿಂದ ಮೆದುಳಿಗೆ ಹೋಗುವ ರಕ್ತನಾಳ ಹರಿಯಬಹುದೆಂಬುದೂ ವೈದ್ಯಕೀಯದಲ್ಲಿ ದಾಖಲಾದ ಅಪಾಯ. ಹಳೆಯ ವೈದ್ಯರೂ ಇಂಥ ಮಿತಿಗಳನ್ನು ಅರಿಯದವರಲ್ಲ. ಹೊಸ ಜ್ವರದಲ್ಲಿಯೂ ಅಜೀರ್ಣದಲ್ಲಿಯೂ ಅಭ್ಯಂಗ ಕೂಡದೆಂದು ಸುಶ್ರುತಸಂಹಿತೆ ನಿಷೇಧಿಸಿದೆ.

2016ರ ಬ್ರಿಟಿಷ್ ಆರೋಗ್ಯ ಮಾರ್ಗಸೂಚಿ, ಸೊಂಟನೋವಿಗೆ ಮಾಲೀಸನ್ನು ಒಂಟಿಯಾಗಿ ಕೊಡಬೇಡಿ, ವ್ಯಾಯಾಮದೊಂದಿಗೆ ಕೂಡಿಸಿ ಮಾತ್ರ ಕೊಡಿ ಎಂದಿತು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ದೀರ್ಘಕಾಲದ ಸೊಂಟನೋವಿನ ಚಿಕಿತ್ಸೆಗಳಲ್ಲಿ ವ್ಯಾಯಾಮ, ತಿಳಿವಳಿಕೆಗಳ ಜೊತೆಗೆ ಮಾಲೀಸಿಗೂ ಎಡೆ ಕೊಟ್ಟಿತು. ಗರಡಿಯಲ್ಲಿ ಈ ಎರಡೂ ಎಂದೂ ಅಗಲಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಿ ತಿಕ್ಕಿಸಿಕೊಂಡವನು ಮರುದಿನ ಮತ್ತೆ ಮಟ್ಟಿಗೆ ಇಳಿಯಲೇಬೇಕಿತ್ತು. ಇಂದು ನಗರದಲ್ಲಿ ಮಾಲೀಸಿನ ಮಳಿಗೆಗಳು ಹೆಚ್ಚಿವೆ, ಗರಡಿಗಳು ವಿರಳವಾಗಿವೆ. ಹಣ ತೆತ್ತು ಕೈಯನ್ನು ಕೊಂಡುಕೊಳ್ಳುತ್ತೇವೆ, ದಂಡ ಬಸ್ಕಿಯನ್ನು ಬಿಟ್ಟಿದ್ದೇವೆ. ಆ ಕೈಯವರ ಪಾಡೂ ಎರಡು ಹೋಳಾಗಿದೆ. ಫಿಸಿಯೋಥೆರಪಿಯಂಥ ವೃತ್ತಿಗಳಿಗೆ 2021ರಲ್ಲಿ ಸಂಸತ್ತು ಕಾಯಿದೆಯ ಮನ್ನಣೆ ಕೊಟ್ಟಿತು. ಜಗುಲಿಯ ಉಸ್ತಾದರಿಗೆ ಆ ಮನ್ನಣೆಯೂ ಇಲ್ಲ, ಯಾವ ಬೆನ್ನನ್ನು ಮುಟ್ಟದೆ ಆಸ್ಪತ್ರೆಗೆ ಕಳಿಸಬೇಕೆಂಬುದನ್ನು ಅವರಿಗೆ ತಿಳಿಸಿಕೊಡುವ ಏರ್ಪಾಡೂ ಇಲ್ಲ. ಅಪಾಯದ ಆ ನಾಲ್ಕಾರು ಚಿಹ್ನೆಗಳನ್ನು ಅವರಿಗೆ ಕಲಿಸಲು ಒಂದು ದಿನ ಸಾಕು. ಶಿವಾಜಿನಗರದ ಹಮಾಲಿಯಾಗಲಿ ಗೌತಮಪುರದ ಚೆಂಡಾಟದ ಹುಡುಗನಾಗಲಿ ಸೊಂಟ ಹಿಡಿದಾಗ ಮೊದಲು ಹೋಗುವುದು ಅವರ ಬಳಿಗೇ ಆದ್ದರಿಂದ, ಆ ಒಂದು ದಿನದ ಪಾಠ ಎಷ್ಟೋ ಕಾಲುಗಳನ್ನು ಉಳಿಸಬಲ್ಲದು.

(ಬಾನುಲಿ ಭಾಷಣ)